ಕ್ರುಯೆಲ್ಟಿ-ಫ್ರೀ, ವೀಗನ್, ಪರಿಸರಸ್ನೇಹಿ: ಸನ್‌ಸ್ಕ್ರೀನ್ ಆರಿಸುವಾಗ ಯಾವ ಮಾತನ್ನು ಎಷ್ಟು ನಂಬಬೇಕು?

ಸನ್‌ಸ್ಕ್ರೀನ್ ಕೊಳ್ಳುವಾಗಿನ ಗೊಂದಲ ಈಗ ಎಸ್‌ಪಿಎಫ್ (ಬಿಸಿಲಿನಿಂದ ಎಷ್ಟು ರಕ್ಷಣೆ ಎಂದು ಹೇಳುವ ಸಂಖ್ಯೆ) ಒಂದರದ್ದೇ ಅಲ್ಲ. ಒಂದು ಟ್ಯೂಬಿನ ಮೇಲೆ ಮೊಲದ ಚಿತ್ರ ಇರುತ್ತದೆ. ಇನ್ನೊಂದರ ಮೇಲೆ ‘ವೀಗನ್’ ಎಂದು ದಪ್ಪ ಅಕ್ಷರದಲ್ಲಿ ಬರೆದಿರುತ್ತದೆ. ಮತ್ತೊಂದರ ಮೇಲೆ ಹವಳದ ಚಿತ್ರ, ಪಕ್ಕದಲ್ಲಿ ‘ರೀಫ್ ಸೇಫ್’, ಅಂದರೆ ಹವಳದ ದಿಬ್ಬಗಳಿಗೆ ಹಾನಿಯಿಲ್ಲ ಎಂಬ ಮಾತು. ಪ್ರಾಣಿಗಳಿಗೆ ನೋವಾಗಬಾರದು, ಸಮುದ್ರ ಕೆಡಬಾರದು ಎಂಬ ಕಾಳಜಿ ಇರುವವರು ಮೂರರ ನಡುವೆ ಸಿಕ್ಕಿಕೊಳ್ಳುತ್ತಾರೆ. ಯಾವುದನ್ನು ತಗೊಳ್ಳೋದು?

ಇವು ಮೂರು ಬೇರೆ ಬೇರೆ ಪ್ರಶ್ನೆಗಳಿಗೆ ಕೊಟ್ಟ ಉತ್ತರಗಳು. ತಯಾರಿಕೆಗಾಗಿ ಪ್ರಾಣಿಗಳ ಮೇಲೆ ಪರೀಕ್ಷೆ ನಡೆಸಿಲ್ಲ ಅನ್ನೋದು ಕ್ರುಯೆಲ್ಟಿ-ಫ್ರೀ. ಒಳಗಿರುವ ಯಾವುದೂ ಪ್ರಾಣಿಯಿಂದ ಬಂದಿಲ್ಲ ಅನ್ನೋದು ವೀಗನ್. ಕಚ್ಚಾವಸ್ತು ಎಲ್ಲಿಂದ ಬಂತು, ಮೈಯಿಂದ ತೊಳೆದುಹೋದದ್ದು ಎಲ್ಲಿ ಸೇರಿತು, ಖಾಲಿ ಟ್ಯೂಬಿನ ಗತಿ ಏನಾಯಿತು ಅನ್ನೋದು ಪರಿಸರದ ಲೆಕ್ಕ. ಜೇನುಮೇಣ ಹಾಕಿದ ಕ್ರೀಮ್ ಕ್ರುಯೆಲ್ಟಿ-ಫ್ರೀ ಆಗಿರಬಹುದು, ಆದರೆ ವೀಗನ್ ಅಲ್ಲ. ಪ್ರಾಣಿಜನ್ಯ ವಸ್ತು ಒಂದೂ ಇಲ್ಲದ ಲೋಷನ್ ಮೊಲದ ಮೇಲೆ ಪರೀಕ್ಷೆಯಾಗಿ ಬಂದಿರಬಹುದು. ಎರಡೂ ಸರಿಯಿದ್ದು, ಅದರಲ್ಲಿನ ತಾಳೆ ಎಣ್ಣೆಗಾಗಿ ಎಲ್ಲೋ ಕಾಡು ಕಡಿದಿರಬಹುದು.

ಮೂರಕ್ಕೂ ಪೂರ್ತಿ ಅಂಕ ಪಡೆಯುವ ಸನ್‌ಸ್ಕ್ರೀನ್ ಸಿಗುವುದು ಕಷ್ಟ. ಹಾಗಾಗಿ ಈ ಮೂರರಲ್ಲಿ ನಿಮಗೆ ಯಾವುದು ಮೊದಲು, ಯಾವುದರಲ್ಲಿ ಸ್ವಲ್ಪ ಬಿಟ್ಟುಕೊಡಬಹುದು ಎಂದು ಗೊತ್ತುಮಾಡಿಕೊಂಡೇ ಹುಡುಕಲು ಹೊರಡಬೇಕು. ಅದಕ್ಕೆ ಬೇಕಾದ ಅಳತೆಗೋಲುಗಳನ್ನು ಮೊದಲು ನೋಡೋಣ.

ಎಲ್ಲಕ್ಕಿಂತ ಮೊದಲು ರಕ್ಷಣೆ

ಬಿಸಿಲಿನಿಂದ ಕಾಪಾಡದ ಸನ್‌ಸ್ಕ್ರೀನ್ ಎಷ್ಟೇ ಒಳ್ಳೆಯ ಮನಸ್ಸಿನಿಂದ ತಯಾರಾಗಿದ್ದರೂ ದಂಡ. ಎಸ್‌ಪಿಎಫ್ 30 ಅಥವಾ ಅದಕ್ಕಿಂತ ಹೆಚ್ಚು, ಜೊತೆಗೆ ಯುವಿಎ (ಚರ್ಮದ ಆಳಕ್ಕಿಳಿಯುವ ಅತಿನೇರಳೆ) ಕಿರಣಗಳನ್ನೂ ತಡೆಯುತ್ತದೆ ಎಂಬ ಗುರುತು, ಇವೆರಡೂ ಇಲ್ಲದ್ದನ್ನು ಪಟ್ಟಿಯಿಂದ ತೆಗೆದುಬಿಡಿ. ಡಬ್ಬಿಯ ಮೇಲಿನ ಎಸ್‌ಪಿಎಫ್ ಸಂಖ್ಯೆ ಚರ್ಮದ ಪ್ರತಿ ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಹಚ್ಚಿದಾಗ ಸಿಗುವಂಥದ್ದು. ವಯಸ್ಕರ ಇಡೀ ಮೈಗೆ ಒಂದು ಸಲಕ್ಕೆ ಸುಮಾರು 30 ಮಿಲಿಲೀಟರ್ ಬೇಕಾಗುತ್ತದೆ. ಈ ಲೆಕ್ಕ ನೆನಪಿರಲಿ, ಬಜೆಟ್ ಮಾತು ಬಂದಾಗ ಇದೇ ನಿರ್ಣಾಯಕ.

ಇನ್ನೊಂದು ಅನುಮಾನವನ್ನೂ ಇಲ್ಲೇ ಬಗೆಹರಿಸಿಕೊಳ್ಳೋಣ. ಎಸ್‌ಪಿಎಫ್ ಸಂಖ್ಯೆಗಾಗಿ ಮೊಲಗಳನ್ನು ಬಳಸುತ್ತಾರೆ ಎಂದು ಕೆಲವರು ತಿಳಿದಿದ್ದಾರೆ. ಹಾಗಲ್ಲ. ಅಂತರರಾಷ್ಟ್ರೀಯ ಮಾನಕ ಸಂಸ್ಥೆ ಐಎಸ್‌ಒ ಗೊತ್ತುಮಾಡಿದ ‘ಐಎಸ್‌ಒ 24444’ ಎಂಬ ವಿಧಾನದಲ್ಲಿ ಒಪ್ಪಿ ಬಂದ ಮನುಷ್ಯರ ಬೆನ್ನಿನ ಮೇಲೆ ಈ ಅಳತೆ ನಡೆಯುತ್ತದೆ. ಮನುಷ್ಯರ ಚರ್ಮವನ್ನೂ ಸುಡದೆ ಅಳೆಯುವ ಎರಡು ಹೊಸ ವಿಧಾನಗಳನ್ನು 2024ರ ಡಿಸೆಂಬರಿನಲ್ಲಿ ಐಎಸ್‌ಒ ಪ್ರಕಟಿಸಿದೆ. ಪ್ರಾಣಿಗಳ ಮೇಲೆ ನಡೆಯುವುದು ಸುರಕ್ಷತೆಯ ಪರೀಕ್ಷೆಗಳು. ಅವು ಹೆಚ್ಚಾಗಿ ನಡೆಯುವುದು ಪೂರ್ತಿ ಕ್ರೀಮಿನ ಮೇಲಲ್ಲ, ಅದರೊಳಗಿನ ಒಂದೊಂದು ರಾಸಾಯನಿಕದ ಮೇಲೆ.

ಕ್ರುಯೆಲ್ಟಿ-ಫ್ರೀ: ಸನ್‌ಸ್ಕ್ರೀನ್ ವಿಷಯದಲ್ಲಿ ಇದು ಕಷ್ಟದ ಪ್ರಶ್ನೆ

ಲಿಪ್‌ಸ್ಟಿಕ್ಕಿಗೆ ಹೋಲಿಸಿದರೆ ಸನ್‌ಸ್ಕ್ರೀನ್ ಬಗ್ಗೆ ಜಾಸ್ತಿ ಎಚ್ಚರ ಬೇಕು. ಕಾರಣ ಕಾನೂನು. ಯುರೋಪಿಯನ್ ಒಕ್ಕೂಟ ಸಿದ್ಧ ಸೌಂದರ್ಯವರ್ಧಕಗಳನ್ನು ಪ್ರಾಣಿಗಳ ಮೇಲೆ ಪರೀಕ್ಷಿಸುವುದನ್ನು 2004ರಲ್ಲಿ, ಅವುಗಳ ಪದಾರ್ಥಗಳನ್ನು ಪರೀಕ್ಷಿಸುವುದನ್ನು 2009ರಲ್ಲಿ ನಿಷೇಧಿಸಿತು. 2013ರ ಮಾರ್ಚ್ 11ರಿಂದ ಹಾಗೆ ಪರೀಕ್ಷೆಯಾದವುಗಳ ಮಾರಾಟವೂ ಬಂದ್ ಆಯಿತು. ಭಾರತ 2014ರಲ್ಲಿ ಪರೀಕ್ಷೆಯನ್ನೂ ಅಂಥ ವಸ್ತುಗಳ ಆಮದನ್ನೂ ನಿಷೇಧಿಸಿತು. ಇಷ್ಟು ಓದಿದರೆ ‘ಹಾಗಾದರೆ ಎಲ್ಲಾ ಸರಿಹೋಯ್ತಲ್ಲ’ ಅನ್ನಿಸುತ್ತದೆ. ಆದರೆ ಸರಿಹೋಗಿಲ್ಲ.

ಚೀನಾ 2021ರ ಮೇ 1ರಿಂದ ಶಾಂಪೂ, ಬಾಡಿ ಲೋಷನ್, ಸಾಮಾನ್ಯ ಮೇಕಪ್‌ನಂಥ ಆಮದು ವಸ್ತುಗಳಿಗೆ ಕೆಲವು ಷರತ್ತುಗಳ ಮೇಲೆ ಪ್ರಾಣಿ ಪರೀಕ್ಷೆಯಿಂದ ವಿನಾಯಿತಿ ಕೊಟ್ಟಿತು. ಸನ್‌ಸ್ಕ್ರೀನಿಗೆ ಆ ವಿನಾಯಿತಿ ಸಿಗಲಿಲ್ಲ. ಕೂದಲಿನ ಡೈ, ಬಿಳುಪಿನ ಕ್ರೀಮುಗಳ ಜೊತೆಗೆ ಅದನ್ನೂ ‘ವಿಶೇಷ ಸೌಂದರ್ಯವರ್ಧಕ’ಗಳ ಗುಂಪಿಗೆ ಸೇರಿಸಿದ್ದಾರೆ. ಅಂದರೆ ಒಂದು ಬ್ರ್ಯಾಂಡ್ ತನ್ನ ಫೇಸ್‌ವಾಶನ್ನು ಪ್ರಾಣಿ ಪರೀಕ್ಷೆ ಇಲ್ಲದೆ ಅಲ್ಲಿನ ಅಂಗಡಿಗಳಲ್ಲಿ ಮಾರಬಹುದು. ಅದೇ ಬ್ರ್ಯಾಂಡಿನ ಸನ್‌ಸ್ಕ್ರೀನ್ ಅಲ್ಲಿನ ಅಂಗಡಿಯಲ್ಲಿದ್ದರೆ ಸಂಶಯಪಡಲೇಬೇಕು. ಆನ್‌ಲೈನಿನಲ್ಲಿ ಹೊರದೇಶದಿಂದ ನೇರವಾಗಿ ಗ್ರಾಹಕರಿಗೆ ಕಳಿಸುವವರಿಗೆ ಈ ನಿಯಮ ಅನ್ವಯಿಸುವುದಿಲ್ಲ. ಚೀನಾದಲ್ಲಿ ತಯಾರಾಗಿ ಹೊರಗೆ ಮಾರಾಟವಾಗುವುದಕ್ಕೂ ಅನ್ವಯಿಸುವುದಿಲ್ಲ. ಆದ್ದರಿಂದ ‘ಮೇಡ್ ಇನ್ ಚೀನಾ’ ಎಂದು ಕಂಡ ಕೂಡಲೇ ಬದಿಗಿಡಬೇಡಿ. ಎಲ್ಲಿ ತಯಾರಾಯಿತು ಎನ್ನುವುದಕ್ಕಿಂತ ಎಲ್ಲಿ ಮಾರುತ್ತಾರೆ ಎನ್ನುವುದು ಮುಖ್ಯ.

ಅಮೆರಿಕದಲ್ಲಿ ಸನ್‌ಸ್ಕ್ರೀನ್ ಸೌಂದರ್ಯವರ್ಧಕವೇ ಅಲ್ಲ, ಅದು ಔಷಧಿ. ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2019ರಲ್ಲಿ ಜಿಂಕ್ ಆಕ್ಸೈಡ್, ಟೈಟಾನಿಯಂ ಡೈಆಕ್ಸೈಡ್ ಎಂಬ ಎರಡು ಫಿಲ್ಟರುಗಳ (ಬಿಸಿಲಿನ ಕಿರಣ ತಡೆಯುವ ಪದಾರ್ಥಗಳ) ಬಗ್ಗೆ ಮಾತ್ರ ಸಾಕಷ್ಟು ಮಾಹಿತಿ ಇದೆ ಎಂದು ಪ್ರಸ್ತಾಪಿಸಿ, ಬಳಕೆಯಲ್ಲಿದ್ದ ಇನ್ನೂ 12 ಫಿಲ್ಟರುಗಳ ಬಗ್ಗೆ ಹೆಚ್ಚಿನ ಮಾಹಿತಿ ಕೇಳಿತು. ಹಾಗೆ ಕೇಳಿದ್ದರಲ್ಲಿ ಪ್ರಾಣಿಗಳ ಮೇಲಿನ ಅಧ್ಯಯನಗಳೂ ಇವೆ.

ಯುರೋಪಿನ ಕಥೆ ಇನ್ನೂ ಬೇಸರದ್ದು. ಹೋಮೊಸಲೇಟ್ ಮತ್ತು ಎಥೈಲ್‌ಹೆಕ್ಸೈಲ್ ಸ್ಯಾಲಿಸಿಲೇಟ್ ಎಂಬ ಎರಡು ಫಿಲ್ಟರುಗಳಿಗೆ ಅಲ್ಲಿನ ರಾಸಾಯನಿಕ ಸಂಸ್ಥೆ ಪ್ರಾಣಿ ಪರೀಕ್ಷೆಗಳನ್ನು ಕೇಳಿತು. ಸೌಂದರ್ಯವರ್ಧಕಗಳ ಕಾನೂನಿನಲ್ಲಿ ನಿಷೇಧ ಇದ್ದರೂ, ರಾಸಾಯನಿಕಗಳ ಕಾನೂನು ಬೇರೆ ಎಂಬುದು ಅದರ ವಾದ. ತಯಾರಿಸುವ ಸಿಮ್ರೈಸ್ ಕಂಪನಿ ಕೋರ್ಟಿಗೆ ಹೋಯಿತು. 2023ರ ನವೆಂಬರ್ 22ರಂದು ಒಕ್ಕೂಟದ ಜನರಲ್ ಕೋರ್ಟ್ ಕಂಪನಿಯ ಅರ್ಜಿಯನ್ನು ತಳ್ಳಿಹಾಕಿತು. ಕ್ರೀಮ್ ತಯಾರಿಸುವ ಬ್ರ್ಯಾಂಡ್ ಒಂದು ಮೊಲವನ್ನೂ ಮುಟ್ಟದಿರಬಹುದು, ಅದರ ಫಿಲ್ಟರ್ ತಯಾರಿಸುವವರಿಗೆ ಮಾತ್ರ ಆ ಆಯ್ಕೆಯೇ ಇಲ್ಲದಂತಾಗಬಹುದು.

ಹಾಗಾಗಿ ‘ನಮ್ಮ ಉತ್ಪನ್ನವನ್ನು ಪ್ರಾಣಿಗಳ ಮೇಲೆ ಪರೀಕ್ಷಿಸಿಲ್ಲ’ ಎಂಬ ಸಾಲು ಓದಿ ಸುಮ್ನೆ ಸಮಾಧಾನ ಪಡಬೇಡಿ. ಅದು ಸಿದ್ಧ ಕ್ರೀಮಿನ ಬಗ್ಗೆ ಮಾತ್ರ ಹೇಳುತ್ತದೆ. ಪದಾರ್ಥಗಳು, ಅವನ್ನು ಒದಗಿಸುವವರು, ಕಂಪನಿಯ ಪರವಾಗಿ ಪರೀಕ್ಷೆ ಮಾಡಿಸುವ ಹೊರಗಿನವರು, ಇಷ್ಟೂ ಮಂದಿ ಆ ಮಾತಿನೊಳಗೆ ಬರಬೇಕು. ‘ಕಾನೂನು ಕೇಳಿದಲ್ಲಿ ಹೊರತುಪಡಿಸಿ’ ಎಂಬ ಬಾಲ ಇದ್ದರೆ ಆ ಬ್ರ್ಯಾಂಡನ್ನು ಕ್ರುಯೆಲ್ಟಿ-ಫ್ರೀ ಎಂದು ನಾನು ಒಪ್ಪುವುದಿಲ್ಲ. ಕಾನೂನು ಕೇಳುವ ಕಡೆ ಮಾರಲು ಹೋದದ್ದು ಕಂಪನಿಯದೇ ತೀರ್ಮಾನ ಅಲ್ವಾ?

ಮೊಲದ ಚಿತ್ರಗಳಲ್ಲೂ ವ್ಯತ್ಯಾಸ ಇದೆ. ‘ಲೀಪಿಂಗ್ ಬನ್ನಿ’ ಗುರುತು ಪಡೆಯಲು ಕಂಪನಿ ಒಂದು ನಿಗದಿತ ದಿನಾಂಕ ಘೋಷಿಸಬೇಕು. ಆ ದಿನದ ನಂತರ ತನ್ನ ಕಡೆಯಿಂದಾಗಲಿ, ಪದಾರ್ಥ ಒದಗಿಸುವವರ ಕಡೆಯಿಂದಾಗಲಿ ಹೊಸ ಪ್ರಾಣಿ ಪರೀಕ್ಷೆ ನಡೆಯಬಾರದು. ಒದಗಿಸುವವರ ಮೇಲೆ ನಿಗಾ ಇಡುವ ವ್ಯವಸ್ಥೆ ಇರಬೇಕು, ಪ್ರತಿ ವರ್ಷ ಮಾತು ನವೀಕರಿಸಬೇಕು, ಹೊರಗಿನವರ ತಪಾಸಣೆಗೂ ಒಪ್ಪಬೇಕು. ದಿನಾಂಕ ಯಾಕೆ ಬೇಕು ಅಂದರೆ, ಬಳಕೆಯಲ್ಲಿರುವ ಫಿಲ್ಟರುಗಳ ಸುರಕ್ಷತೆಯ ಕಡತಗಳಲ್ಲಿ ಹಳೆಯ ಪ್ರಾಣಿ ಪರೀಕ್ಷೆಗಳು ಇದ್ದೇ ಇವೆ. ಜಿಂಕ್ ಆಕ್ಸೈಡ್ ಕೂಡ ಇದಕ್ಕೆ ಹೊರತಲ್ಲ. ಆದದ್ದನ್ನು ಅಳಿಸಲಾಗುವುದಿಲ್ಲ, ಮುಂದೆ ಆಗದಂತೆ ನೋಡಿಕೊಳ್ಳಬಹುದು. ಪ್ರಾಣಿಗಳ ಹಕ್ಕಿಗಾಗಿ ಹೋರಾಡುವ ಪೀಟಾ ಸಂಸ್ಥೆಯ ಪಟ್ಟಿ ಮುಖ್ಯವಾಗಿ ಕಂಪನಿ ಸಹಿ ಹಾಕಿ ಕೊಟ್ಟ ಲಿಖಿತ ಭರವಸೆಯ ಮೇಲೆ ನಿಂತಿದೆ. ಅದರಲ್ಲಿ ‘ಪ್ರಾಣಿ ಪರೀಕ್ಷೆ ಇಲ್ಲ’ ಮತ್ತು ‘ಪ್ರಾಣಿ ಪರೀಕ್ಷೆ ಇಲ್ಲ, ಜೊತೆಗೆ ವೀಗನ್’ ಎಂಬ ಎರಡು ಹಂತಗಳಿವೆ. ಮೂರನೆಯ ಬಗೆಯ ಮೊಲವೂ ಇದೆ: ಕಂಪನಿಯ ಡಿಸೈನರ್ ಬರೆದದ್ದು, ಹಿಂದೆ ಯಾವ ಸಂಸ್ಥೆಯೂ ಇಲ್ಲ. ಹಾಗಾಗಿ ಚಿತ್ರ ನೋಡಿ ನಿಲ್ಲಬೇಡಿ, ಆ ಸಂಸ್ಥೆಯ ಪಟ್ಟಿಯಲ್ಲಿ ಬ್ರ್ಯಾಂಡಿನ ಹೆಸರು ಹುಡುಕಿ. ಪಟ್ಟಿಯಲ್ಲಿದ್ದೂ ಡಬ್ಬಿಯ ಮೇಲೆ ಗುರುತು ಹಾಕಿಸದ ಸಣ್ಣ ಕಂಪನಿಗಳೂ ಇರುತ್ತವೆ.

ಬ್ರ್ಯಾಂಡ್ ಪ್ರಾಣಿ ಪರೀಕ್ಷೆ ಮಾಡಿಸದಿದ್ದರೂ ಅದರ ಮಾತೃ ಕಂಪನಿಯ ಬಗ್ಗೆ ಆ ಭರವಸೆ ಇಲ್ಲದಿದ್ದರೆ ಕೊಳ್ಳಬೇಕೇ ಎಂಬ ಪ್ರಶ್ನೆ ನಿಮ್ಮ ಮನಸ್ಸಾಕ್ಷಿಗೆ ಬಿಟ್ಟದ್ದು. ಪ್ರಾಣಿ ಪರೀಕ್ಷೆಯ ವಿರುದ್ಧ ದಶಕಗಳ ಕಾಲ ಹೋರಾಡಿದ ದ ಬಾಡಿ ಶಾಪ್ 2006ರಿಂದ 2017ರವರೆಗೆ ಲೋರಿಯಲ್ ಎಂಬ ದೊಡ್ಡ ಕಂಪನಿಯ ಕೈಯಲ್ಲಿತ್ತು. ಆಗ ಕೆಲವರು ಅದನ್ನು ಕೊಳ್ಳುವುದನ್ನೇ ನಿಲ್ಲಿಸಿದರು. ‘ಇಂಥದ್ದೇ ಮಾರಾಟವಾಗುತ್ತದೆ ಎಂದು ದೊಡ್ಡ ಕಂಪನಿಗೂ ತಿಳಿಯಲಿ’ ಎಂದು ಇನ್ನು ಕೆಲವರು ಕೊಳ್ಳುತ್ತಲೇ ಹೋದರು. ನನಗೆ ಎರಡನೆಯದು ಸರಿ ಎನ್ನಿಸುತ್ತದೆ. ಮೊದಲನೆಯದನ್ನು ತಪ್ಪು ಎನ್ನಲು ಮಾತ್ರ ಮನಸ್ಸು ಬಾರದು.

ವೀಗನ್: ಪದಾರ್ಥಗಳ ಪಟ್ಟಿ ಓದೋಣ

ಇದು ಮೂರರಲ್ಲಿ ಸುಲಭದ್ದು, ಏಕೆಂದರೆ ಪುರಾವೆಯ ದೊಡ್ಡ ಭಾಗ ನಿಮ್ಮ ಕೈಯಲ್ಲೇ ಇದೆ. ಒಂದು ಮಾದರಿ ಪಟ್ಟಿ ತೆಗೆದುಕೊಳ್ಳೋಣ: ಜಿಂಕ್ ಆಕ್ಸೈಡ್, ಸ್ಕ್ವಾಲೇನ್, ಸೆರಾ ಆಲ್ಬಾ, ಸ್ಟಿಯರಿಕ್ ಆಸಿಡ್, ಗ್ಲಿಸರಿನ್, ಟೋಕೋಫೆರಾಲ್, ಸಿಐ 77491.

ಸೆರಾ ಆಲ್ಬಾ ಅಂದರೆ ಜೇನುಮೇಣ. ಇಲ್ಲಿಗೇ ಈ ಕ್ರೀಮ್ ವೀಗನ್ ಅಲ್ಲ ಎಂದು ತೀರ್ಮಾನವಾಯಿತು. ಅದು ಇಲ್ಲದಿದ್ದರೆ? ಸ್ಕ್ವಾಲೇನ್ ಶಾರ್ಕ್ ಮೀನಿನ ಪಿತ್ತಜನಕಾಂಗದ ಎಣ್ಣೆಯಿಂದಲೂ ಬರುತ್ತದೆ, ಆಲಿವ್ ಅಥವಾ ಕಬ್ಬಿನಿಂದಲೂ ಬರುತ್ತದೆ. ಸ್ಟಿಯರಿಕ್ ಆಸಿಡ್ ಮತ್ತು ಗ್ಲಿಸರಿನ್ ದನದ ಕೊಬ್ಬಿನಿಂದಲೂ ಆಗುತ್ತವೆ, ಸಸ್ಯದ ಎಣ್ಣೆಯಿಂದಲೂ ಆಗುತ್ತವೆ. ಪಟ್ಟಿಯಲ್ಲಿ ಹೆಸರು ಒಂದೇ, ಮೂಲ ಗೊತ್ತಾಗುವುದಿಲ್ಲ. ಸಿಐ 77491 ಕಬ್ಬಿಣದ ಆಕ್ಸೈಡ್, ಬಣ್ಣ ಕೊಡುವ ಖನಿಜ, ತೊಂದರೆ ಇಲ್ಲ. ಅದೇ ಜಾಗದಲ್ಲಿ ಸಿಐ 75470 ಇದ್ದರೆ ಅದು ಕಾರ್ಮೈನ್, ಕೀಟಗಳನ್ನು ಅರೆದು ತೆಗೆದ ಕೆಂಪು. ಲ್ಯಾನೋಲಿನ್ ಕುರಿಯ ಉಣ್ಣೆಯ ಜಿಡ್ಡು, ತುಟಿಗೆ ಹಚ್ಚುವ ಸನ್‌ಸ್ಕ್ರೀನ್‌ಗಳಲ್ಲಿ ಸಿಗುತ್ತದೆ. ಕೊಲಾಜೆನ್, ರೇಷ್ಮೆ ಪ್ರೋಟೀನ್, ಬಸವನಹುಳುವಿನ ಲೋಳೆ, ಜೇನು, ಹಾಲು ಕೂಡ ‘ಚರ್ಮ ಪೋಷಣೆ’ಯ ಹೆಸರಿನಲ್ಲಿ ಸೇರಿಕೊಳ್ಳುತ್ತವೆ. ಹಯಲುರಾನಿಕ್ ಆಸಿಡ್ ಹಿಂದೆ ಕೋಳಿಯ ಜುಟ್ಟಿನಿಂದ ಬರುತ್ತಿತ್ತು, ಈಗ ಬಹುಪಾಲು ಬ್ಯಾಕ್ಟೀರಿಯಾ ಹುದುಗುವಿಕೆಯಿಂದ ಬರುತ್ತದೆ.

ಮೂಲ ಗೊತ್ತಾಗದ ಹೆಸರುಗಳಿಗಾಗಿಯೇ ಪ್ರಮಾಣಪತ್ರ ಬೇಕು. ಬ್ರಿಟನ್ನಿನ ವೀಗನ್ ಸೊಸೈಟಿ 1990ರಿಂದ ಕೊಡುತ್ತಿರುವ ಟ್ರೇಡ್‌ಮಾರ್ಕ್ ನನಗೆ ಹೆಚ್ಚು ಇಷ್ಟ. ಅದು ಪದಾರ್ಥಗಳ ಜೊತೆಗೆ, ಕಂಪನಿ ಪ್ರಾಣಿ ಪರೀಕ್ಷೆ ಮಾಡಿಸಬಾರದು ಎಂಬ ಷರತ್ತನ್ನೂ ಹಾಕುತ್ತದೆ. ಆದರೆ ಅದನ್ನು ಕೊಡುವುದು ಒಂದೊಂದು ಉತ್ಪನ್ನಕ್ಕೆ. ಬ್ರ್ಯಾಂಡಿನ ಒಂದು ಲೋಷನ್ನಿಗೆ ಇದ್ದರೆ ಪಕ್ಕದ ಸ್ಟಿಕ್ಕಿಗೂ ಇದೆ ಎಂದುಕೊಳ್ಳಬೇಡಿ.

ತೀರಾ ಕಟ್ಟುನಿಟ್ಟಿನವರಿಗೆ ಇನ್ನೊಂದು ಸಂಗತಿ. ಜೀವಂತ ಮೊಲದ ಕಣ್ಣಿನಲ್ಲಿ ಮಾಡುವ ಪರೀಕ್ಷೆಗೆ ಪರ್ಯಾಯವಾಗಿ ಒಇಸಿಡಿ (ಹಲವು ದೇಶಗಳ ಆರ್ಥಿಕ ಸಹಕಾರ ಸಂಸ್ಥೆ) ಒಪ್ಪಿದ ವಿಧಾನಗಳಲ್ಲಿ ಒಂದು ಕಸಾಯಿಖಾನೆಯಿಂದ ತಂದ ದನದ ಕಣ್ಣಿನ ಪಾರದರ್ಶಕ ಪಟಲವನ್ನು ಬಳಸುತ್ತದೆ. ಬಿಸಿಲು ಬಿದ್ದಾಗ ರಾಸಾಯನಿಕ ವಿಷವಾಗುತ್ತದೆಯೇ ಎಂದು ನೋಡುವ ಪರೀಕ್ಷೆ ಇಲಿಯ ಜೀವಕೋಶಗಳ ಮೇಲೆ ನಡೆಯುತ್ತದೆ. ಇವುಗಳಿಂದ ಲೆಕ್ಕವಿಲ್ಲದಷ್ಟು ಪ್ರಾಣಿಗಳು ನೋವಿನಿಂದ ಪಾರಾಗಿವೆ, ಹಾಗಾಗಿ ನಾನು ಇವನ್ನು ಸ್ವಾಗತಿಸುತ್ತೇನೆ.

ಪರಿಸರ: ಹವಳದ ಚಿತ್ರಕ್ಕಿಂತ ಆಚೆ

‘ರೀಫ್ ಸೇಫ್’ ಎಂಬ ಮಾತಿಗೆ ಎಲ್ಲರೂ ಒಪ್ಪಿದ ಅಳತೆ ಇಲ್ಲ, ಯಾರು ಬೇಕಾದರೂ ಬರೆದುಕೊಳ್ಳಬಹುದು. ಹೆಚ್ಚಿನವರು ಅದನ್ನು ಬರೆಯುವುದು ಆಕ್ಸಿಬೆನ್ಜೋನ್ ಮತ್ತು ಆಕ್ಟಿನಾಕ್ಸೇಟ್ ಎಂಬ ಎರಡು ಫಿಲ್ಟರ್ ಹಾಕಿಲ್ಲ ಎಂಬ ಕಾರಣಕ್ಕೆ. ಅಮೆರಿಕದ ಹವಾಯಿ ರಾಜ್ಯ 2018ರಲ್ಲಿ ಕಾನೂನು ಮಾಡಿ, 2021ರ ಜನವರಿ 1ರಿಂದ ಈ ಎರಡರ ಮಾರಾಟ ನಿಲ್ಲಿಸಿತು. ಪೆಸಿಫಿಕ್ ಸಾಗರದ ಪಲಾವ್ ಎಂಬ ದ್ವೀಪದೇಶ 2020ರ ಆರಂಭದಿಂದ ಇವೂ ಸೇರಿದಂತೆ 10 ಪದಾರ್ಥಗಳನ್ನು ನಿಷೇಧಿಸಿತು. ಥಾಯ್ಲೆಂಡ್ 2021ರಲ್ಲಿ ತನ್ನ ರಾಷ್ಟ್ರೀಯ ಉದ್ಯಾನಗಳಿಗೆ 4 ಪದಾರ್ಥಗಳನ್ನು ತರದಂತೆ ಮಾಡಿತು.

ಆಕ್ಸಿಬೆನ್ಜೋನ್ ಹವಳದ ಮರಿಗಳಿಗೆ ಹಾನಿ ಮಾಡುತ್ತದೆ ಎಂದು ಪ್ರಯೋಗಾಲಯದಲ್ಲಿ ಕಂಡಿದೆ. ಹವಳಗಳು ದೊಡ್ಡ ಪ್ರಮಾಣದಲ್ಲಿ ಬಿಳಿಚಿಕೊಳ್ಳಲು ಮುಖ್ಯ ಕಾರಣ ಮಾತ್ರ ಸಮುದ್ರ ಬಿಸಿಯಾಗುತ್ತಿರುವುದು. ಎರಡೂ ನಿಜ. ಪರ್ಯಾಯ ಸುಲಭವಾಗಿ ಸಿಗುವಾಗ ಈ ಎರಡು ಫಿಲ್ಟರುಗಳನ್ನು ಬಿಡುವುದರಲ್ಲಿ ನಷ್ಟವೇನಿಲ್ಲ, ಹಾಗಾಗಿ ನಾನು ಬಿಡಿ ಎನ್ನುತ್ತೇನೆ. ಆದರೆ ಖನಿಜದ (ಜಿಂಕ್ ಆಕ್ಸೈಡ್ ಅಥವಾ ಟೈಟಾನಿಯಂ ಡೈಆಕ್ಸೈಡ್ ಇರುವ) ಸನ್‌ಸ್ಕ್ರೀನ್ ಅಂದ ಮಾತ್ರಕ್ಕೆ ನೀರಿಗೆ ಅಪಾಯವೇ ಇಲ್ಲ ಎಂದಲ್ಲ. ಜಿಂಕ್ ಆಕ್ಸೈಡ್ ಕೂಡ ರಾಸಾಯನಿಕಗಳ ವರ್ಗೀಕರಣದಲ್ಲಿ ‘ಜಲಚರಗಳಿಗೆ ಬಹಳ ವಿಷಕಾರಿ’ ಎಂಬ ಗುಂಪಿನಲ್ಲಿದೆ. ನ್ಯಾನೋ (ಅತಿ ಸೂಕ್ಷ್ಮ) ಕಣಗಳಾಗಿದ್ದರೆ ಯುರೋಪಿನಲ್ಲಿ ಆ ಪದಾರ್ಥದ ಪಕ್ಕ ‘ನ್ಯಾನೋ’ ಎಂದು ಬರೆಯಲೇಬೇಕು.

ಹವಳದ ಗದ್ದಲದಲ್ಲಿ ಎರಡು ವಿಷಯಗಳು ಮರೆತುಹೋಗುತ್ತವೆ. ಒಂದು ಪ್ಲಾಸ್ಟಿಕ್ ಕಣಗಳು. ನೈಲಾನ್-12, ಪಾಲಿಎಥಿಲೀನ್, ಮೀಥೈಲ್ ಮೆಥಾಕ್ರಿಲೇಟ್ ಕ್ರಾಸ್‌ಪಾಲಿಮರ್‌ನಂಥವು ಕ್ರೀಮಿಗೆ ರೇಷ್ಮೆಯಂಥ ನಯ ಕೊಡುತ್ತವೆ. ಯುರೋಪಿಯನ್ ಒಕ್ಕೂಟ 2023ರಲ್ಲಿ ಇಂಥ ಕಣಗಳ ಮೇಲೆ ನಿರ್ಬಂಧ ತಂದಿತು, ಆದರೆ ಹಚ್ಚಿಕೊಂಡು ಹಾಗೇ ಬಿಡುವ ಕ್ರೀಮುಗಳಿಗೆ 2029ರವರೆಗೆ ಸಮಯ ಕೊಟ್ಟಿದೆ. ಎರಡನೆಯದು ತಾಳೆ ಎಣ್ಣೆ. ದನದ ಕೊಬ್ಬಿನ ಬದಲು ಸಸ್ಯಮೂಲದ ಸ್ಟಿಯರಿಕ್ ಆಸಿಡ್ ಬಳಸಿದಾಗ, ಆ ಸಸ್ಯ ಹೆಚ್ಚಾಗಿ ತಾಳೆಯೇ. ವೀಗನ್ ಆದದ್ದು ಪರಿಸರಕ್ಕೆ ಭಾರವಾಗುವುದು ಇಲ್ಲಿ. ಕಾಡಿಗೆ ಹಾನಿಯಾಗದಂತೆ ತಾಳೆ ಬೆಳೆಸಲೆಂದು 2004ರಲ್ಲಿ ಶುರುವಾದ ಆರ್‌ಎಸ್‌ಪಿಒ ಸಂಸ್ಥೆಯ ಪ್ರಮಾಣಪತ್ರವಿರುವ ತಾಳೆ ಎಣ್ಣೆ ಬಳಸುತ್ತಾರೆಯೇ ಎಂದು ಕೇಳಬಹುದು. ಅದರಲ್ಲೂ ‘ಮಾಸ್ ಬ್ಯಾಲೆನ್ಸ್’ ಎಂದಿದ್ದರೆ ಪ್ರಮಾಣಿತ ಎಣ್ಣೆ ಸಾಮಾನ್ಯ ಎಣ್ಣೆಯ ಜೊತೆ ಬೆರೆತು ಬಂದಿರುತ್ತದೆ, ‘ಸೆಗ್ರಿಗೇಟೆಡ್’ ಎಂದಿದ್ದರೆ ಬೇರೆಯಾಗಿ ಬಂದಿರುತ್ತದೆ.

ಪ್ಯಾಕಿಂಗ್ ಬಗ್ಗೆ ಜಾಸ್ತಿ ಹೇಳಬೇಕಾಗಿಲ್ಲ. ಅಲ್ಯೂಮಿನಿಯಂ ಡಬ್ಬಿ ಮರುಬಳಕೆಗೆ ಸುಲಭ. ಪದರ ಪದರವಾಗಿ ಅಂಟಿಸಿದ ಟ್ಯೂಬ್, ಸ್ಪ್ರಿಂಗ್ ಇರುವ ಪಂಪ್ ಕಷ್ಟ. ಕಬ್ಬಿನಿಂದ ಮಾಡಿದ ಪ್ಲಾಸ್ಟಿಕ್ ಕೂಡ ಪ್ಲಾಸ್ಟಿಕ್ಕೇ, ಮಣ್ಣಿನಲ್ಲಿ ಕರಗುವುದಿಲ್ಲ.

ಈಗ ಆಯ್ಕೆಗಳನ್ನು ತೂಗೋಣ

ಜಿಂಕ್ ಮುಲಾಮು, ತಗಡಿನ ಡಬ್ಬಿಯಲ್ಲಿ. ಪರಿಸರದ ದೃಷ್ಟಿಯಿಂದ ನೋಡಲು ಚೆಂದ. ನೀರಿಲ್ಲ, ಪದಾರ್ಥಗಳು ಕಡಿಮೆ, ಡಬ್ಬಿ ಮರುಬಳಕೆಯಾಗುತ್ತದೆ. ಆದರೆ ಗಟ್ಟಿಯಾಗಿ ನಿಲ್ಲಲು ಹೆಚ್ಚಿನವರು ಹಾಕುವುದು ಜೇನುಮೇಣ. ಕ್ಯಾಂಡೆಲಿಲ್ಲಾ ಅಥವಾ ಕಾರ್ನೌಬಾ ಎಂಬ ಸಸ್ಯಮೂಲದ ಮೇಣ ಹಾಕಿದವು ಸಿಕ್ಕರೆ ವೀಗನ್ನರಿಗೂ ಸರಿ. ದೊಡ್ಡ ತೊಡಕು ಬಳಕೆಯಲ್ಲಿದೆ: ದಪ್ಪ, ಬಿಳಿ, ಹರಡುವುದು ಕಷ್ಟ. ಹಾಗಾಗಿ ಕಡಿಮೆ ಹಚ್ಚುತ್ತಾರೆ, ರಕ್ಷಣೆ ತೀರಾ ಇಳಿದುಹೋಗುತ್ತದೆ. ಮೂಗು, ಕಿವಿ, ಕೆನ್ನೆಯ ಮೇಲ್ಭಾಗಕ್ಕೆ, ಈಜುವವರಿಗೆ ಇದು ಒಳ್ಳೆಯದು. ಇಡೀ ಮೈಗೆ ಅಲ್ಲ. 50 ಮಿಲಿಲೀಟರಿನ ಡಬ್ಬಿ ಎರಡು ಸಲ ಮೈಗೆ ಹಚ್ಚುವಷ್ಟರಲ್ಲಿ ಖಾಲಿ.

ಪ್ರಮಾಣಪತ್ರಗಳಿರುವ ಖನಿಜ ಲೋಷನ್. ಲೀಪಿಂಗ್ ಬನ್ನಿಯೂ ವೀಗನ್ ಗುರುತೂ ಒಟ್ಟಿಗೆ ಬೇಕೆಂದರೆ ಹುಡುಕಾಟ ಇಲ್ಲಿಂದ ಶುರು ಮಾಡಿ. ಸೂಕ್ಷ್ಮ ಚರ್ಮದವರಿಗೂ ಒಗ್ಗುತ್ತದೆ. ಬೆಲೆ ಜಾಸ್ತಿ. ಕಪ್ಪು ಅಥವಾ ಎಣ್ಣೆಗೆಂಪು ಮೈಬಣ್ಣದವರಿಗೆ ಬೂದಿ ಮೆತ್ತಿದಂತೆ ಕಾಣುತ್ತದೆ, ನ್ಯಾನೋ ಅಲ್ಲದ ಕಣಗಳಾದರೆ ಇನ್ನೂ ಹೆಚ್ಚು. ಇದು ಬರೀ ಅಂದದ ಮಾತಲ್ಲ. ಮುಖ ಬಿಳಿಚಿಕೊಂಡಂತೆ ಕಂಡರೆ ನಾಳೆ ಹಚ್ಚಲು ಮನಸ್ಸಾಗುವುದಿಲ್ಲ. ಕಬ್ಬಿಣದ ಆಕ್ಸೈಡ್ ಇರುವ, ನಿಮ್ಮ ಬಣ್ಣಕ್ಕೆ ಹೊಂದುವ ಟಿಂಟೆಡ್ ಲೋಷನ್ ಸಿಕ್ಕರೆ ಈ ತೊಂದರೆ ಬಹಳ ಕಡಿಮೆಯಾಗುತ್ತದೆ. ಅದು ಕಣ್ಣಿಗೆ ಕಾಣುವ ಬೆಳಕನ್ನೂ ಸ್ವಲ್ಪ ತಡೆಯುವುದರಿಂದ ಭಂಗು ಇರುವವರಿಗೆ ಹೆಚ್ಚು ಉಪಯೋಗ. ಕಾಸ್ಮೋಸ್ ಎಂಬ ಸಾವಯವ, ನೈಸರ್ಗಿಕ ಸೌಂದರ್ಯವರ್ಧಕಗಳ ಗುರುತು ಇರುವ ಸನ್‌ಸ್ಕ್ರೀನ್‌ಗಳೂ ಈ ಗುಂಪಿನವೇ, ಅದು ಖನಿಜ ಫಿಲ್ಟರುಗಳನ್ನು ಮಾತ್ರ ಒಪ್ಪುತ್ತದೆ. ಆದರೆ ಜೇನುಮೇಣಕ್ಕೂ ಒಪ್ಪಿಗೆ ಕೊಡುತ್ತದೆ, ಅದನ್ನು ವೀಗನ್ ಗುರುತು ಎಂದು ತಿಳಿಯಬೇಡಿ.

ಹೊಸ ತಲೆಮಾರಿನ ಫಿಲ್ಟರುಗಳ ಹಗುರ ಲೋಷನ್. ಬೆಮೋಟ್ರಿಜಿನಾಲ್, ಬಿಸೋಕ್ಟ್ರಿಜೋಲ್‌ನಂಥ ಫಿಲ್ಟರುಗಳು ಬಿಸಿಲಿಗೆ ಒಡೆಯದೆ ನಿಲ್ಲುತ್ತವೆ, ಯುವಿಎ ಚೆನ್ನಾಗಿ ತಡೆಯುತ್ತವೆ. ಅಣುಗಳು ದೊಡ್ಡವಾದ್ದರಿಂದ ಚರ್ಮದೊಳಗೆ ಹೋಗುವುದೂ ಕಡಿಮೆ. ರಕ್ಷಣೆಯಲ್ಲಿ, ದಿನವೂ ಹಚ್ಚುವ ಸುಖದಲ್ಲಿ ಇದೇ ಮುಂದೆ. ಆದರೆ ನೀರಿಗೆ ಸೇರಿದ ಮೇಲೆ ಸುಲಭವಾಗಿ ಕೊಳೆಯುವುದಿಲ್ಲ, ನಯಕ್ಕಾಗಿ ಪ್ಲಾಸ್ಟಿಕ್ ಕಣ ಸೇರಿಸಿರುವ ಸಾಧ್ಯತೆಯೂ ಇದೆ, ಪಟ್ಟಿ ನೋಡಿ. ವೀಗನ್ ಆಗಿರುವವು ಬೇಕಾದಷ್ಟು ಸಿಗುತ್ತವೆ. ಕ್ರುಯೆಲ್ಟಿ-ಫ್ರೀ ಪುರಾವೆಯನ್ನು ಮಾತ್ರ ಬ್ರ್ಯಾಂಡ್ ಬ್ರ್ಯಾಂಡಿಗೂ ಬೇರೆಯಾಗಿ ನೋಡಬೇಕು.

ದೊಡ್ಡ ಕಂಪನಿಯ ಅಗ್ಗದ ಲೋಷನ್, ದೊಡ್ಡ ಬಾಟಲಿ. ಅವೊಬೆನ್ಜೋನ್, ಆಕ್ಟೋಕ್ರಿಲೀನ್, ಹೋಮೊಸಲೇಟ್ ಇರುವ ಹಳೆಯ ಸೂತ್ರ. ಪ್ರಮಾಣಪತ್ರ ಸಾಮಾನ್ಯವಾಗಿ ಇರುವುದಿಲ್ಲ. ಮನೆಮಂದಿಯೆಲ್ಲ ಬಿಸಿಲಿಗೆ ಹೋಗುವವರು ಸಾಕಷ್ಟು ಹಚ್ಚಬೇಕೆಂದರೆ ಕೈಗೆಟುಕುವುದು ಇದೇ ಆಗಿರಬಹುದು, ಅದಕ್ಕಾಗಿ ಯಾರೂ ನಾಚಿಕೆಪಡಬೇಕಿಲ್ಲ. ಇದೇ ಬೆಲೆಯ ಸುತ್ತಮುತ್ತ ಪೀಟಾ ಪಟ್ಟಿಯಲ್ಲಿರುವ ಬ್ರ್ಯಾಂಡ್ ಇದೆಯೇ ಎಂದು ಒಮ್ಮೆ ಹುಡುಕಿ ನೋಡಿ, ಮಿಲಿಲೀಟರ್ ಲೆಕ್ಕದಲ್ಲಿ ಹೋಲಿಸಿ. ಹಳೆಯ ದಾಸ್ತಾನು ಮಾತ್ರ ಬೇಡ. ಆಕ್ಟೋಕ್ರಿಲೀನ್ ಹಳತಾದಂತೆ ಬೆನ್ಜೋಫೀನೋನ್ ಆಗಿ ಒಡೆಯುತ್ತದೆ ಎಂದು 2021ರ ಸಂಶೋಧನೆಯೊಂದು ತೋರಿಸಿದೆ.

ಸ್ಪ್ರೇ. ವೀಗನ್, ಕ್ರುಯೆಲ್ಟಿ-ಫ್ರೀ ಎರಡೂ ಆಗಿದ್ದರೂ ನನ್ನ ಪಟ್ಟಿಯಲ್ಲಿ ಇದಕ್ಕೆ ಕೊನೆಯ ಜಾಗ. ಅರ್ಧ ಗಾಳಿಗೆ, ಮರಳಿಗೆ ಹೋಗುತ್ತದೆ. ಎಷ್ಟು ಮೈಗೆ ಬಿತ್ತು ಎಂದು ಗೊತ್ತಾಗುವುದಿಲ್ಲ, ಉಸಿರಿನ ಜೊತೆ ಒಳಗೂ ಹೋಗುತ್ತದೆ.

ನಿಮಗೆ ಯಾವುದು?

ಪ್ರಾಣಿ ಪರೀಕ್ಷೆಯೇ ನಿಮ್ಮ ದೊಡ್ಡ ಕಾಳಜಿಯಾದರೆ ಲೀಪಿಂಗ್ ಬನ್ನಿ ಪಟ್ಟಿಯಲ್ಲಿದ್ದು, ಹೋಮೊಸಲೇಟ್ ಮತ್ತು ಎಥೈಲ್‌ಹೆಕ್ಸೈಲ್ ಸ್ಯಾಲಿಸಿಲೇಟ್ ಇಲ್ಲದ್ದನ್ನು ಆರಿಸಿ. ಫಿಲ್ಟರ್ ಖನಿಜದ್ದೋ ಹೊಸದೋ ಎನ್ನುವುದು ಚರ್ಮಕ್ಕೆ ಬಿಟ್ಟದ್ದು. ವೀಗನ್ನರು ಕೊಳ್ಳುವ ಉತ್ಪನ್ನಕ್ಕೇ ವೀಗನ್ ಟ್ರೇಡ್‌ಮಾರ್ಕ್ ಇದೆಯೇ ಎಂದು ನೋಡಲಿ, ತಾಳೆ ಎಣ್ಣೆಯ ಪ್ರಶ್ನೆಯನ್ನು ಮರೆಯದಿರಲಿ. ಸಮುದ್ರದಲ್ಲಿ ಈಜುವವರಿಗೆ ನ್ಯಾನೋ ಅಲ್ಲದ ಜಿಂಕ್, ನೀರಿಗೆ ತಡೆಯುವಂಥದ್ದು. ಆಫೀಸು, ಮನೆ ಎಂದು ಓಡಾಡುವವರ ಮುಖಕ್ಕೆ ಹೊಸ ಫಿಲ್ಟರಿನ ಹಗುರ ಲೋಷನ್, ಏಕೆಂದರೆ ಅವರು ನಿಜವಾಗಿ ದಿನವೂ ಹಚ್ಚುವುದು ಅದನ್ನೇ. ಆರು ತಿಂಗಳೊಳಗಿನ ಕೂಸುಗಳಿಗೆ ನೆರಳು ಮತ್ತು ಬಟ್ಟೆ, ಸನ್‌ಸ್ಕ್ರೀನ್ ಬಗ್ಗೆ ವೈದ್ಯರನ್ನು ಕೇಳಿ.

ದುಡ್ಡು ಕಡಿಮೆ ಇದ್ದವರಿಗೂ, ಪರಿಸರವೇ ಮುಖ್ಯ ಎನ್ನುವವರಿಗೂ ನನ್ನ ಸಲಹೆ ಒಂದೇ. ತುಂಬು ತೋಳಿನ ಒತ್ತು ನೇಯ್ಗೆಯ ಬಟ್ಟೆ, ಅಗಲ ಅಂಚಿನ ಟೋಪಿ, ಛತ್ರಿ. ಯುಪಿಎಫ್ (ಬಟ್ಟೆ ಕೊಡುವ ರಕ್ಷಣೆಯ ಅಳತೆ) 50 ಇರುವ ಬಟ್ಟೆ ತನ್ನ ಮೇಲೆ ಬಿದ್ದ ಯುವಿ ಕಿರಣಗಳ ಐವತ್ತರಲ್ಲಿ ಒಂದು ಭಾಗವನ್ನಷ್ಟೇ ಒಳಗೆ ಬಿಡುತ್ತದೆ, ಎರಡು ಗಂಟೆಗೊಮ್ಮೆ ಮತ್ತೆ ಹಚ್ಚುವ ಕೆಲಸವೂ ಇಲ್ಲ. ಮೈಯ ಬಹುಭಾಗ ಹೀಗೆ ಮುಚ್ಚಿದರೆ ಬೇಕಾಗುವ ಸನ್‌ಸ್ಕ್ರೀನ್ ಮುಖ, ಕತ್ತು, ಕೈಗಳಿಗಷ್ಟೇ. ಆಗ ಪ್ರಮಾಣಪತ್ರ ಇರುವ ದುಬಾರಿ ಟ್ಯೂಬ್ ಕೂಡ ಹಲವು ವಾರ ಬರುತ್ತದೆ.

ಮನೆಯಲ್ಲೇ ಜಿಂಕ್ ಪುಡಿ ಕಲಸಿ ಮಾಡಿಕೊಳ್ಳುವುದು ಬೇಡ. ಕಣಗಳು ಸಮನಾಗಿ ಹರಡದಿದ್ದರೆ ಅಲ್ಲಲ್ಲಿ ಚರ್ಮ ಬರಿದಾಗೇ ಉಳಿಯುತ್ತದೆ, ಅದು ಕಣ್ಣಿಗೆ ಕಾಣುವುದಿಲ್ಲ.

ಇಷ್ಟಾದ ಮೇಲೂ ಅನುಮಾನ ಉಳಿದರೆ ಕಂಪನಿಗೆ ಬರೆದು ಕೇಳಿ. ಹೀಗೆ ಕೇಳಬಹುದು: ‘ಈ ಸನ್‌ಸ್ಕ್ರೀನನ್ನು ಅಥವಾ ಇದರ ಪದಾರ್ಥಗಳನ್ನು ನೀವಾಗಲಿ, ಒದಗಿಸುವವರಾಗಲಿ, ಯಾವುದೇ ಸರ್ಕಾರದ ಪರವಾಗಿ ಇತರರಾಗಲಿ ಪ್ರಾಣಿಗಳ ಮೇಲೆ ಪರೀಕ್ಷಿಸುತ್ತಾರೆಯೇ? ಯಾವ ದಿನಾಂಕದಿಂದ ನಿಲ್ಲಿಸಿದ್ದೀರಿ? ಚೀನಾದ ಅಂಗಡಿಗಳಲ್ಲಿ ಇದನ್ನು ಮಾರುತ್ತೀರಾ? ಇದರ ಗ್ಲಿಸರಿನ್, ಸ್ಟಿಯರಿಕ್ ಆಸಿಡ್, ಸ್ಕ್ವಾಲೇನ್ ಯಾವ ಮೂಲದ್ದು? ತಾಳೆ ಎಣ್ಣೆಯಾದರೆ ಯಾವ ಬಗೆಯ ಪ್ರಮಾಣಪತ್ರ ಇದೆ?’ ಕೆಲಸ ಮಾಡಿಟ್ಟುಕೊಂಡ ಕಂಪನಿ ಒಂದೊಂದಕ್ಕೂ ನೇರವಾಗಿ ಉತ್ತರಿಸುತ್ತದೆ, ದಿನಾಂಕ ಹೇಳುತ್ತದೆ. ‘ಪ್ರಾಣಿಗಳ ಬಗ್ಗೆ ನಮಗೆ ಅಪಾರ ಪ್ರೀತಿ, ಎಲ್ಲಾ ಕಾನೂನುಗಳನ್ನೂ ಪಾಲಿಸುತ್ತೇವೆ’ ಎಂದಷ್ಟೇ ಬಂದರೆ ಉತ್ತರ ಸಿಕ್ಕಿಲ್ಲ ಎಂದೇ ಲೆಕ್ಕ. ಬಂದ ಉತ್ತರವನ್ನು ತಾರೀಖಿನೊಂದಿಗೆ ಇಟ್ಟುಕೊಳ್ಳಿ. ಮಾರುಕಟ್ಟೆ, ಮಾಲೀಕರು, ಸೂತ್ರ ಎಲ್ಲವೂ ಬದಲಾಗುತ್ತಿರುತ್ತವೆ, ಅದೇ ಸನ್‌ಸ್ಕ್ರೀನನ್ನು ವರ್ಷದ ನಂತರ ಮತ್ತೆ ಕೊಳ್ಳುವ ಮೊದಲು ಪಟ್ಟಿಯನ್ನೂ ಪದಾರ್ಥಗಳನ್ನೂ ಇನ್ನೊಮ್ಮೆ ನೋಡಿ.